ಒಂದೇ ಸಾಲು ಕೊಟ್ಟ ಫಂಕ್ಷನ್

"ತಗೊಂಡಿದ್ದು ಒಂದ ಅಂಗಡಿರಿ ಮೇಡಂ, ಕೋಠಿ ಬಜಾರದ್ದು," ಎಂದ ಸುಶಾಂತ, ಗೆದ್ದವನ ಹಾಗೆ.

ಜೀಡಿಮೆಟ್ಲಾದ ನಮ್ಮ ಔಷಧ ಕಾರ್ಖಾನೆಯಲ್ಲಿ ಆ ಬೆಳಿಗ್ಗೆ ಯಾರಿಗೂ ಚಹಾ ಸೇರಿರಲಿಲ್ಲ. ಕಣ್ಣಿನ ಆಪರೇಷನ್ನಿಗೆ ಬಳಸುವ ದ್ರಾವಣದ ಒಂದು ಬ್ಯಾಚಿನಲ್ಲಿ ಸೋಂಕು ಕಂಡಿತ್ತು. ಅದು ಹೋದಲ್ಲೆಲ್ಲ ತಡೆಯದಿದ್ದರೆ ಜನ ಕಣ್ಣು ಕಳೆದುಕೊಳ್ಳುತ್ತಾರೆ. ಬ್ಯಾಚ್ ನಂಬರ್ ಕೊಟ್ಟರೆ ಕೊಂಡವರ ಹೆಸರನ್ನೆಲ್ಲ ಡೇಟಾಬೇಸಿನಿಂದ ತೆಗೆದುಕೊಡುವ ಫಂಕ್ಷನ್ ಬರೆದವನು ಸುಶಾಂತ. ಚುರುಕು ಇಂಜಿನಿಯರ್, ಆದರೆ ಅವಸರದ ಆಸಾಮಿ.

"ಹಂಗಾರ ಆ ಅಂಗಡಿಗೆ ಫೋನ್ ಹಚ್ಚಿ ಕೇಸ್ ಮುಗಸ್ರಿ ಪ್ರಫುಲ್ಲಾ," ಎಂದರು ಮ್ಯಾನೇಜರ್ ಪದ್ಮನಾಭ ನನಗೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ.

ನನಗೆ ಮೈಯುರಿಯಿತು. "ಬ್ಯಾಚಿನ ಮಾಲ್ ಪೂರಾ ಒಬ್ಬಾಂವನ ತಗೊಂಡಾನೇನ್ರಿ ಸರ್?"

"ಎರರ್ ಏನೂ ಬಂದಿಲ್ರಿ. ಟೆಸ್ಟಿನಾಗೂ ಬರೋಬ್ಬರ್ ಇತ್ತು," ಎಂದ ಸುಶಾಂತ.

"ಟೆಸ್ಟಿನಾಗ ಎಷ್ಟ ಗಿರಾಕಿ ಹಾಕಿದ್ದಿ?"

"ಒಬ್ರು," ಎಂದವನ ದನಿ ಇಳಿಯಿತು.

ಕೀಬೋರ್ಡ್ ಎಳೆದುಕೊಂಡೆ. ಏನನ್ನು ಮರಳಿಸಬೇಕೆಂದು ಫಂಕ್ಷನ್ನಿನ ಮೊದಲಲ್ಲೇ ಹೇಳಬೇಕು. ಗಿರಾಕಿಗೊಂದರಂತೆ ಸಾಲುಗಳ ಗುಂಪು ಬೇಕು ಎನ್ನುವಲ್ಲಿ ಇವನು ಒಂದು ಸಾಲು ಎಂದಷ್ಟೇ ಬರೆದಿದ್ದ. ಅದು ಮೊದಲು ಸಿಕ್ಕ ಸಾಲನ್ನು ಕೊಟ್ಟು, ಉಳಿದದ್ದನ್ನು ಬಿಟ್ಟು ತೆಪ್ಪಗೆ ಕೂತಿತ್ತು. ಹಳೆಯದನ್ನು ಅಳಿಸಿ, ಗುಂಪು ಬೇಕೆಂದು ಬರೆದು ಮತ್ತೆ ಓಡಿಸಿದೆ.

ಪರದೆ ತುಂಬಿತು. ಬೇಗಂಪೇಟೆ, ಸಿಕಂದರಾಬಾದ್, ವರಂಗಲ್. ಕೊನೆಗೆ ಜಹೀರಾಬಾದಿನ ಕಣ್ಣಿನ ಶಿಬಿರ.

"ಶಿಬಿರ ಇವತ್ತ ಐತಿ," ಎಂದ ಪದ್ಮನಾಭರ ಮುಖ ಬಿಳಿಚಿತ್ತು.

ಬಾಯಿ ತುಂಬ ಬೈಗುಳವಿತ್ತು, ಬೈಯಲು ಹೊತ್ತಿರಲಿಲ್ಲ. ಉಳಿದವರಿಗೆ ಫೋನ್ ಮಾಡಲು ಸುಶಾಂತನಿಗೆ ಹೇಳಿ ನಾನು ಜಹೀರಾಬಾದಿಗೆ ಹಚ್ಚಿದೆ. ರಿಂಗಾಗಿ ಕಟ್ಟಾಯಿತು. ಮತ್ತೆ ಹಚ್ಚಿದೆ. ಹೆದರಿದ್ದೆ, ಸುಳ್ಳೇಕೆ ಹೇಳಲಿ. ಕೊನೆಗೆ ನರ್ಸ್ ಒಬ್ಬಳು ಎತ್ತಿದಳು. ಬ್ಯಾಚ್ ನಂಬರ್ ಹೇಳಿ, ಆ ಬಾಟಲಿ ಮುಟ್ಟಬೇಡಿ ಎಂದು ಹಿಂದಿಯಲ್ಲಿ ಕೂಗಿದೆ. ಅವಳು ಓಡಿದ್ದು ಕೇಳಿಸಿತು. ಆಮೇಲೆ ಡಾಕ್ಟರರೇ ಬಂದರು.

ಆಪರೇಷನ್ ನಿಲ್ಲಿಸಿದ್ದರು. ಆದರೆ ಅದೇ ದ್ರಾವಣ ಬಳಸಿ ಒಬ್ಬರದು ಮುಗಿದಿತ್ತು, ಗಿರಿಜಾಬಾಯಿ ಎಂಬುವರದು. ಈಗಲೇ ದೊಡ್ಡ ಆಸ್ಪತ್ರೆಗೆ ಸೇರಿಸಿದರೆ ಕಣ್ಣು ಉಳಿದರೂ ಉಳಿಯಬಹುದು. ಆಕೆಯ ಇನ್ನೊಂದು ಕಣ್ಣು ಮೊದಲೇ ಹೋಗಿದೆ ಎಂದರು.

"ಒಬ್ರೇ ಏನ್ರಿ?" ಎಂದು ನನ್ನಿಂದ ವಿಷಯ ಕೇಳಿದ ಪದ್ಮನಾಭ ಸಮಾಧಾನದ ನಿಟ್ಟುಸಿರು ಬಿಟ್ಟರು.

ಉಳಿದವರಿಗೆಲ್ಲ ಫೋನ್ ಮಾಡಿ ಮುಗಿಸಿದ್ದ ಸುಶಾಂತ ಅವರ ಮುಂದೆ ಕೈ ಚಾಚಿದ. "ಗಾಡಿ ಚಾವಿ ಕೊಡ್ರಿ ಸರ್. ಆಕಿನ್ನ ನಾನ ಇಲ್ಲಿ ದೊಡ್ಡ ದವಾಖಾನಿಗೆ ಕರಕೊಂಡ ಬರ್ತೀನಿ."

"ಆಕಿಗೆ ಏನಂತ ಹೇಳ್ತಿ?" ಎಂದರು ಅವರು.

"ತಪ್ಪು ನಂದು ಅಂತ ಹೇಳ್ತೀನ್ರಿ."