ಒಣಗಿದ್ದ ಗುರುತು

ಹದಿನೆಂಟು ವರ್ಷದಿಂದ ಮಕ್ಕಳಿಗೆ ಸೂಜಿ ಚುಚ್ಚುತ್ತಾ ಬಂದವಳು ನಾನು. ಪಾಲಿಬೆಟ್ಟದ ಸುತ್ತಲಿನ ಕಾಫಿ ಎಸ್ಟೇಟುಗಳ ಕೂಲಿ ಲೈನುಗಳಲ್ಲಿ ಯಾವ ಮಗುವಿಗೆ ಏನೇ ಆದರೂ ಮೊದಲು ಬೈಗುಳ ತಿನ್ನುವವಳು ಈ ನೀಲಾವತಿ ಸಿಸ್ಟರೇ. ಹೋದ ವರ್ಷ ಸೂಜಿ ಚುಚ್ಚಿದ ಜಾಗದಲ್ಲಿ ಒಂದು ಮಗುವಿನ ತೊಡೆ ಕೀವಾದಾಗ ಮೂರು ಸಲ ಇಲಾಖೆಯ ವಿಚಾರಣೆಗೆ ಹೋಗಿ ಕುಳಿತಿದ್ದೆ. ತಪ್ಪು ನನ್ನದಲ್ಲವೆಂದು ಕೊನೆಗೆ ಬರೆದುಕೊಟ್ಟರು. ಅಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಗಿತ್ತು.

ಆ ಬುಧವಾರ ಲೈನಿನ ತುಳಸಿಯ ಮನೆಗೆ ಹೋದಾಗ ಅವಳ ಮೂರು ತಿಂಗಳ ಕೂಸಿಗೆ ಜ್ವರ ಬಂದು ಐದನೇ ದಿನ. ಕಣ್ಣು ಕೆಂಪಾಗಿತ್ತು, ತುಟಿ ಒಡೆದಿತ್ತು, ಅಂಗೈ ಊದಿತ್ತು. ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು. ತುಳಸಿಯ ಅತ್ತೆ ಚೋಮಿ ಮಗುವಿನ ಸ್ವೆಟರಿನ ತೋಳನ್ನು ಮೇಲೆ ಸರಿಸಿದಳು.

“ನೋಡಿ ಸಿಸ್ಟರೇ, ನೀವು ಚುಚ್ಚಿದ ಜಾಗ. ಒಣಗಿದ್ದು ಈಗ ಪುನಃ ಕೆಂಪಾಗಿ ಉಂಟು. ನಿಮ್ಮ ಸೂಜಿಂದಲೇ ಜ್ವರ.”

ಎಡತೋಳಿನ ಬಿಸಿಜಿ ಗುರುತು ಅದು. ಹುಟ್ಟಿದ ಆರನೇ ದಿನ ನಾನೇ ಹಾಕಿದ ಕ್ಷಯದ ಲಸಿಕೆ. ಹದಿನೈದು ದಿನದ ಹಿಂದೆ ನೋಡಿದಾಗ ಪೂರ್ತಿ ಒಣಗಿತ್ತು. ಈಗ ಸುತ್ತಲೂ ಕೆಂಪೇರಿ, ಮುಟ್ಟಿದರೆ ಬಿಸಿ. ನನಗೆ ಮಗುವಿಗಿಂತ ಮೊದಲು ಇನ್ನೊಂದು ವಿಚಾರಣೆ ಕಣ್ಣಿಗೆ ಬಂತು.

“ಅದಕ್ಕೂ ಜ್ವರಕ್ಕೂ ಸಂಬಂಧ ಇಲ್ಲ ಚೋಮಿ,” ಎಂದು ಸ್ವೆಟರಿನ ತೋಳನ್ನು ಕೆಳಗೆಳೆದೆ. ಜೀಪು ಹಿಡಿದು ಎಲ್ಲರನ್ನೂ ಆಸ್ಪತ್ರೆಗೆ ಕರೆದೊಯ್ದೆ.

ಮಕ್ಕಳ ಡಾಕ್ಟರ್ ರಶ್ಮಿತಾ ಮಗುವನ್ನು ಪೂರಾ ಪರೀಕ್ಷೆ ಮಾಡಿದರು. ತೋಳು ನೋಡಿ, “ಇದು ಇನ್ನೂ ಒಣಗಿಲ್ವಾ?” ಎಂದು ನನ್ನನ್ನು ಕೇಳಿದರು.

“ಕೆಲವು ಮಕ್ಕಳಿಗೆ ನಿಧಾನ ಡಾಕ್ಟ್ರೇ,” ಎಂದೆ.

ಚೋಮಿ ಹೊರಗೆ ಬೆಂಚಿನ ಮೇಲಿದ್ದಳು. ಒಳಗಿದ್ದ ತುಳಸಿ ನನ್ನ ಮುಖ ನೋಡಿ, ಮಗುವಿನ ಸ್ವೆಟರು ಸರಿಮಾಡಿದಳು.

ಶುಕ್ರವಾರ ಡ್ಯೂಟಿ ಮುಗಿಸಿ ವಾರ್ಡಿಗೆ ಹೋದೆ. ಎರಡು ದಿನ ಆ್ಯಂಟಿಬಯಾಟಿಕ್ ಹೋಗಿದ್ದರೂ ಜ್ವರ ಇಳಿದಿರಲಿಲ್ಲ. ಯಾವ ರಿಪೋರ್ಟಿನಲ್ಲೂ ಸೋಂಕು ಸಿಕ್ಕಿರಲಿಲ್ಲ. ಮಗು ಅಳುವುದನ್ನೂ ಬಿಟ್ಟು ತಾಯಿಯ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ನೋಡುತ್ತಾ ನಿಲ್ಲಲು ನನ್ನಿಂದ ಆಗಲಿಲ್ಲ. ವಿಚಾರಣೆಯಾದರೆ ಆಗಲಿ ಎಂದು ಡಾಕ್ಟರ ಹತ್ತಿರ ಹೋದೆ.

“ಮೊನ್ನೆ ನಾನು ಸುಳ್ಳು ಹೇಳಿದೆ ಡಾಕ್ಟ್ರೇ. ಆ ಗುರುತು ಒಣಗಿತ್ತು. ಜ್ವರ ಬಂದ ಮೇಲೆ ಪುನಃ ಕೆಂಪಾದ್ದು. ನನ್ನ ಸೂಜಿಯ ತಪ್ಪಾದ್ರೆ ಬರ್ಕೊಳ್ಳಿ.”

ಅವರು ಏನೂ ಬರೆದುಕೊಳ್ಳಲಿಲ್ಲ. ಎದ್ದು ಹೋಗಿ ಮಗುವಿನ ತೋಳು, ತುಟಿ, ಅಂಗೈ ಮತ್ತೊಮ್ಮೆ ನೋಡಿದರು.

“ಸೂಜಿಯ ತಪ್ಪಲ್ಲ ನೀಲಾವತಿ. ಕಾವಾಸಾಕಿ ಇರ್ಬೇಕು. ರಕ್ತನಾಳಗಳಲ್ಲಿ ಉರಿಯೂತ ಬರೋ ಕಾಯಿಲೆ, ಇಷ್ಟು ಸಣ್ಣ ಮಕ್ಕಳಲ್ಲಿ ಬಹಳ ಅಪರೂಪ. ಒಣಗಿದ ಬಿಸಿಜಿ ಹೀಗೆ ಕೆಂಪಾಗೋದೇ ಅದರ ಒಂದು ಲಕ್ಷಣ. ಹೃದಯದ ರಕ್ತನಾಳ ಊದೋ ಮೊದಲೇ ಔಷಧಿ ಹೋಗ್ಬೇಕಿತ್ತು. ಮೊನ್ನೆನೇ ಹೇಳಿದ್ರೆ...” ಮಾತು ಅಲ್ಲಿಗೇ ಬಿಟ್ಟು ಆಂಬುಲೆನ್ಸಿಗೆ ಫೋನ್ ಮಾಡಿದರು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಆ ಔಷಧಿಯ ಡ್ರಿಪ್ ಹಾಕಿದ ಮರುದಿನವೇ ಜ್ವರ ಬಿಟ್ಟಿತು. ಆದರೆ ಹೃದಯದ ಒಂದು ರಕ್ತನಾಳ ಸ್ವಲ್ಪ ಹಿಗ್ಗಿತ್ತು. ಸರಿಹೋಗಬಹುದು, ಕಾದು ನೋಡಬೇಕು ಎಂದರಂತೆ ಅಲ್ಲಿನ ಡಾಕ್ಟರು. ಆ ಎರಡು ದಿನದಿಂದಲೇ ಹೀಗಾಯಿತೇ ಎಂದು ರಶ್ಮಿತಾ ಡಾಕ್ಟರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು.

ತುಳಸಿ ಮಗುವನ್ನು ಕರೆದುಕೊಂಡು ಊರಿಗೆ ಬಂದ ಮೇಲೆ ಲೈನಿಗೆ ಹೋಗಿ ಚೋಮಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

“ನಾನು ತೋರಿಸಿದ್ದೆ ಅಲ್ವಾ ಸಿಸ್ಟರೇ,” ಎಂದಳು ಮೆಲ್ಲಗೆ.

ಆಮೇಲೆ ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿ, ಸ್ವೆಟರಿನ ತೋಳನ್ನು ತಾನೇ ಮೇಲೆ ಸರಿಸಿದಳು.

“ಇನ್ನು ಮೇಲಾದ್ರೂ ಸರಿಯಾಗಿ ನೋಡಿ.”