ಪೊರಕೆ

ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸು ನಿಂತೇಬಿಟ್ಟಿತು. ಮುಂದೆ ಲಾರಿ, ಪಕ್ಕದಲ್ಲಿ ಲಾರಿ, ಹಿಂದೆ ಹಾರ್ನ್ ಒತ್ತಿ ಹಿಡಿದ ಇನ್ನೊಂದು ಬಸ್ಸು. ನೂರ್ಜಹಾನ್ ಎದ್ದು ಬಾಗಿಲಿಗೆ ಬಂದಳು.

"ಸ್ಟಾಪ್ ಇನ್ನೂ ಬಂದಿಲ್ಲಮ್ಮ" ಎಂದ ಕಂಡಕ್ಟರ್.

"ಗೊತ್ತು, ಬಿಡ್ರಿ" ಎಂದವಳೇ ಇಳಿದು ಆಟೋ ಹಿಡಿದಳು. ದೊಡ್ಡನೆಕ್ಕುಂದಿಯ ಬೇರಿಂಗ್ ಕಾರ್ಖಾನೆಯಲ್ಲಿ ಅಂಜನಮೂರ್ತಿ ಅವಳ ಪ್ರೋಗ್ರಾಮನ್ನು ಓಡಿಸುವ ಮೊದಲು ಅವಳು ಅಲ್ಲಿರಬೇಕಿತ್ತು.

"ಸ್ವಲ್ಪ ಬೇಗ ಹೋಗಪ್ಪ."

"ಹಾರ್ಕೊಂಡ್ ಹೋಗ್ಲಾ ಮೇಡಂ?"

ಲಿಂಗರಾಜಪುರದ ಒಂದು ಕಂಪನಿಯಲ್ಲಿ ಅವಳು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಮೇಜಿಗೊಂದು ಕಂಪ್ಯೂಟರ್ ಇನ್ನೂ ಬಂದಿರದ ಕಾಲ. ಬೀರುವಿನಷ್ಟು ದೊಡ್ಡ ಯಂತ್ರ ಒಂದೇ, ಇಡೀ ಆಫೀಸು ಅದಕ್ಕೇ ಜೋತುಬಿದ್ದಿರುತ್ತಿತ್ತು. ಅಂಥದೇ ಯಂತ್ರ ಕಾಯುವವರು, ಅಂಜನಮೂರ್ತಿಯೂ ಸೇರಿ, ಈ ಕಡೆ ಏಳೆಂಟು ಜನರಿದ್ದರು. ತಮ್ಮ ಕೆಲಸಕ್ಕೆಂದು ಬರೆದುಕೊಂಡ ಸಣ್ಣಪುಟ್ಟ ಪ್ರೋಗ್ರಾಮುಗಳನ್ನು ಒಂದು ಟೇಪಿಗೆ ತುಂಬಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಬೇಕಾದ್ದು ಇಳಿಸಿಕೊ, ನಿನ್ನದೊಂದು ಸೇರಿಸು, ಮುಂದಿನವರಿಗೆ ಕೊಡು. ಅಷ್ಟೇ ಕಾನೂನು.

ಈ ಸಲ ನೂರ್ಜಹಾನ್ ಮೊದಲ ಬಾರಿಗೆ ತನ್ನದೊಂದನ್ನು ಸೇರಿಸಿದ್ದಳು. ಹೆಸರು 'ಪೊರಕೆ'. ಆ ಯಂತ್ರದಲ್ಲಿ ಅದೇ ಹೆಸರಿನ ಫೈಲನ್ನು ಮತ್ತೆ ಬರೆದರೆ ಹಳೆಯದು ಅಳಿಯುತ್ತಿರಲಿಲ್ಲ. ಒಂದು, ಎರಡು, ಮೂರು ಎಂದು ನಂಬರು ಹಚ್ಚಿಕೊಂಡು ಎಲ್ಲವೂ ಡಿಸ್ಕಿನಲ್ಲೇ ಕೂತಿರುತ್ತಿದ್ದವು. ಪೊರಕೆ ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಗುಡಿಸಿ ಹಾಕುತ್ತಿತ್ತು, ಯಾರನ್ನೂ ಕೇಳದೆ. ಅದೇ ಅವಳ ಹೆಮ್ಮೆ.

ಬೆಳಿಗ್ಗೆ ಅಂಜನಮೂರ್ತಿ ಫೋನ್ ಮಾಡಿದ್ದ. "ಡಿಸ್ಕ್ ಫುಲ್ ಆಗೋಗಿದೆ ಕಣ್ರೀ, ನಿಮ್ ಪೊರಕೆ ಹಾಕ್ಬಿಡ್ತೀನಿ. ನಾಳೆ ಗಿರಾಕಿ ಕಡೆಯೋರು ಇನ್‌ಸ್ಪೆಕ್ಷನ್‌ಗೆ ಬರ್ತಾರೆ, ಮೂರು ತಿಂಗಳ ಅಳತೆ ಎಲ್ಲಾ ತೋರಿಸ್ಬೇಕು. ನಮ್ ಶಿಫ್ಟ್‌ನೋರು ಎಲ್ರೂ ಒಂದೇ ಹೆಸರಲ್ಲಿ ಬರ್ದಿಡ್ತಾರೆ. ಯಾವ ಶಿಫ್ಟು ಅಂತ ನಂಬರ್ ನೋಡ್ಕೊಂಡು ಹುಡುಕ್ಬೇಕು, ಕರ್ಮ!"

ಅವನೂ ನಕ್ಕ, ಅವಳೂ ನಕ್ಕಳು. ಚಹಾ ಮುಗಿಸಿ ಲೋಟ ಕೆಳಗಿಡುವಾಗ ಅವಳಿಗೆ ಹೊಳೆಯಿತು. ಅವಳಲ್ಲಿ ಕಸವಾದ ಹಳೆಯ ನಂಬರುಗಳೇ ಅವನಲ್ಲಿ ಮೂರು ತಿಂಗಳ ದುಡಿಮೆ. ಕಳೆದರೆ ಅವನ ಕೆಲಸವೂ ಹೋದಂತೆಯೇ. ಮತ್ತೆ ಮತ್ತೆ ಡಯಲ್ ಮಾಡಿದಳು. ಎಂಗೇಜ್, ಎಂಗೇಜ್.

ಕಾರ್ಖಾನೆಯ ಕಂಪ್ಯೂಟರ್ ಕೋಣೆಯ ಬಾಗಿಲು ತಳ್ಳಿದಾಗ ಅಂಜನಮೂರ್ತಿ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ಓಡಿಸ್ಬಿಟ್ರಾ?"

"ಓಡಿಸ್ದೆ. ಒಂದೂ ಬಿಡ್ದೆ ಗುಡಿಸ್ಕೊಂಡ್ ಹೋಯ್ತು. ಚೆನ್ನಾಗ್ ಬರ್ದಿದ್ದೀರ."

"ತಪ್ಪು ನಂದೇ. ಎಲ್ಲರ ಆಫೀಸೂ ನಮ್ಮ ಆಫೀಸಿನ ಥರಾನೇ ಅಂದ್ಕೊಂಡೆ."

"ಗಾಬರಿ ಬೇಡಿ. ಬ್ಯಾಕಪ್ ತಗೊಂಡಿದ್ದೆ. ವಾಪಸ್ ಬರ್ತಾ ಇದೆ, ನೋಡಿ."

ಟೇಪು ಸುತ್ತುತ್ತಿತ್ತು. ಪರದೆಯ ಮೇಲೆ ಶಿಫ್ಟುಗಳ ಫೈಲುಗಳು ಒಂದೊಂದಾಗಿ ಮರಳುತ್ತಿದ್ದವು. "ಯಾ ಅಲ್ಲಾ" ಎಂದು ಅವಳು ಗೋಡೆಗೆ ಒರಗಿದಳು. ಹೋದ ಜೀವ ಬಂದಂತಾಯಿತು. ಆದರೆ ಅವನ ಮುಖ ಇನ್ನೂ ಹಾಗೆಯೇ ಇತ್ತು.

"ಮತ್ತೆ ಯಾಕ್ ಹಿಂಗಿದ್ದೀರ?"

"ಸ್ಟೋರ್‌ನಲ್ಲಿ ಖಾಲಿ ಟೇಪ್ ಇರ್ಲಿಲ್ಲ ನೂರ್ಜಹಾನ್. ಬ್ಯಾಕಪ್ ಇಲ್ದೆ ಹೊಸಾದು ಏನೂ ಓಡಿಸ್ಬಾರ್ದು ಅಂತ... ನಮ್ಮೆಲ್ಲರ ಆ ಪ್ರೋಗ್ರಾಮ್ ಟೇಪ್ ಮೇಲೇ ಬ್ಯಾಕಪ್ ತಗೊಂಡ್ಬಿಟ್ಟೆ."

"ಅದ್ರಲ್ಲಿದ್ದಿದ್ದು?"

"ಅಳಿಸೋಯ್ತು. ಹಲಸೂರಿನ ಜಿಯಾವುಲ್ಲಾ ಹತ್ರ ಪೂರ್ತಿ ಕಾಪಿ ಇರುತ್ತಲ್ಲ ಅಂದ್ಕೊಂಡಿದ್ದೆ. ಫೋನ್ ಮಾಡಿದ್ರೆ, 'ನಿಮ್ಹತ್ರ ಇದೆ ಅಂದ್ಕೊಂಡಿದ್ದೆ' ಅಂತಾರೆ. ಬೆಳಿಗ್ಗೆಯಿಂದ ಸಿಕ್ಕೋರ್ನೆಲ್ಲ ಕೇಳ್ತಾ ಇದೀನಿ, ಎಲ್ರದ್ದೂ ಇದೇ ಮಾತು. ನಾನಂತೂ ಇಳಿಸ್ಕೊಂಡಿದ್ದು ನಿಮ್ ಪೊರಕೆ ಒಂದನ್ನೇ."

ಬ್ಯಾಕಪ್ ಬ್ಯಾಕಪ್ ಎಂದು ಊರಿಗೆಲ್ಲ ಪಾಠ ಹೇಳುವವರು ಅವರೆಲ್ಲ. ನೂರ್ಜಹಾನಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ವರ್ಷಗಟ್ಟಲೆ ಎಲ್ಲರೂ ಕೂಡಿಹಾಕಿದ್ದು ಹೋಗಿ ಇಲ್ಲಿ ತನ್ನದೊಂದು ಉಳಿದಿತ್ತು, ಅದೂ ತಪ್ಪು. ಅವನು ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

ಫೋನ್ ಬಡಿದುಕೊಂಡಿತು. ಅಂಜನಮೂರ್ತಿ ಅದನ್ನು ನೋಡಿದನೇ ಹೊರತು ಎತ್ತಲಿಲ್ಲ. ಅವಳೇ ಎತ್ತಿದಳು. ಕೆ.ಆರ್. ಪುರಂನಿಂದ ರಾಮಾಂಜಿನಪ್ಪ. ಟೇಪಿನ ಸರದಿ ಈಗ ಅವನದು.

"ಸಂಜೆ ಬಂದು ಟೇಪ್ ಇಸ್ಕೊಂಡ್ ಹೋಗ್ಲಾ?"

"ಬನ್ನಿ" ಎಂದಳು. "ಬರ್ತಾ ನಿಮ್ ಮಷೀನಲ್ಲಿ ನಮ್ಮೋರ್ದು ಏನೇನ್ ಉಳ್ಕೊಂಡಿದ್ಯೋ ಎಲ್ಲಾ ತಗೊಂಬನ್ನಿ."

"ಯಾಕ್ರೀ, ಏನಾಯ್ತು?"

ಅವಳು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, ಸುತ್ತುತ್ತಿದ್ದ ಟೇಪನ್ನೇ ನೋಡುತ್ತ, "ನನ್ ಪೊರಕೆಯಿಂದ ಶುರುವಾಯ್ತು" ಎಂದಳು.