ಇಪ್ಪತ್ತೆಂಟು ದಿನಕ್ಕೆ ಬಂದ ತಾಯಿ

ಹತ್ತೊಂಬತ್ತು ವರ್ಷ ಫಿದೆನ್ಸಿಯೋ ಪ್ರತಿ ಭಾನುವಾರ ಚರ್ಚಿನಿಂದ ನೇರ ನನ್ನ ಅಂಗಡಿಗೆ ಬರುತ್ತಿದ್ದ. ನಾನು ಚಾಯೋ, ಶಿಕಾಗೋದ ಇಪ್ಪತ್ತಾರನೇ ಬೀದಿಯಲ್ಲಿ ಟಾಕೋ ಅಂಗಡಿ ಇಟ್ಟುಕೊಂಡವಳು. ಗಡಿಯಾಚೆ ನಮ್ಮ ದೇಶದ ಪುವೆಬ್ಲಾ ಸೀಮೆಯಲ್ಲಿ ಅವನ ಊರಿಗೂ ನನ್ನ ಊರಿಗೂ ನಡುವೆ ಒಂದು ಗುಡ್ಡ, ಅಷ್ಟೇ ದೂರ. ಮನೆಗಳಿಗೆ ಚಾವಣಿ ಹಾಕುವ ಕೆಲಸ ಅವನದು. ಬಿಸಿಲಿಗೆ ಕತ್ತು ಸುಟ್ಟ ಇಟ್ಟಿಗೆಯಂತಾಗಿತ್ತು. ಕೂರುವುದಕ್ಕೆ ನನ್ನ ಹಂಚಿನ ಪಕ್ಕದ ಮೇಜೇ ಆಗಬೇಕು. ಆವಿಯಲ್ಲಿ ಬೆಂದ ಕುರಿಮಾಂಸವನ್ನು ಮೆಕ್ಕೆಜೋಳದ ರೊಟ್ಟಿಯಲ್ಲಿ ಸುತ್ತಿದ ಟಾಕೋ ನಾಲ್ಕು, ಮೇಲೆ ಘಾಟು ಹೊಡೆಯುವ ಪಾಪಲೋ ಸೊಪ್ಪು, ಜೊತೆಗೊಂದು ಬಟ್ಟಲು ಸಾರು.

"ಚಾಯಕ್ಕಾ, ನಿನ್ನ ರೊಟ್ಟಿ ಪರವಾಗಿಲ್ಲ. ಆದ್ರೆ ನಮ್ಮಮ್ಮನ ರೊಟ್ಟಿ ತಿಂದಿದ್ರೆ ನೀನು ನಾಚಿಕೊಂಡು ಅಂಗಡಿ ಮುಚ್ಚಿಬಿಡ್ತಿದ್ದೆ" ಅನ್ನುತ್ತಿದ್ದ.

"ಹಂಗಾದ್ರೆ ಅವರನ್ನೇ ಕರ್ಕೊಂಡ್ ಬಾರೋ, ಹಂಚು ಬಿಟ್ಕೊಡ್ತೀನಿ."

ಆಗದ ಮಾತು ಅಂತ ಇಬ್ಬರಿಗೂ ಗೊತ್ತಿತ್ತು. ಹಳ್ಳಿಯ ಮುದುಕಿಗೆ ವೀಸಾ ಸಿಗುವುದಿಲ್ಲ, ಅವನ ಹತ್ತಿರವೂ ಕಾಗದಪತ್ರ ಇಲ್ಲ. ಮರುಭೂಮಿ ದಾಟಿ ಕದ್ದು ಬಂದವನು. ಒಂದು ಸಲ ಊರಿಗೆ ಹೋದರೆ ವಾಪಸು ಬರಲು ಮತ್ತೆ ಅದೇ ಮರುಭೂಮಿ. ಇಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

ಕಳೆದ ವರ್ಷ ನಮ್ಮ ಕಡೆಯ ಒಂದು ಸಂಘದವರು ಓಡಾಡಿ, ಮಕ್ಕಳ ಮುಖ ನೋಡದೆ ಹತ್ತಾರು ವರ್ಷ ಕಳೆದ ಮುದುಕ ಮುದುಕಿಯರಿಗೆ ವೀಸಾ ಮಾಡಿಸಿದರು. ಹನ್ನೊಂದು ಜನ, ಇಪ್ಪತ್ತೆಂಟು ದಿನದ ಮಟ್ಟಿಗೆ. ಅವರಲ್ಲಿ ಫಿದೆನ್ಸಿಯೋನ ತಾಯಿ ದೋನ್ಯಾ ಎರ್ಲಿಂದಾ ಒಬ್ಬರು. ಸುದ್ದಿ ಹೇಳಲು ಬಂದ ದಿನ ಅವನು ಕೂರಲೇ ಇಲ್ಲ, ನಿಂತುಕೊಂಡೇ ತಿಂದ.

"ಅಪ್ಪ ಒಬ್ರು ಬರಲ್ವಂತೆ ಕಣಕ್ಕಾ. ಮಂಡಿನೋವಂತೆ, ವಿಮಾನ ಅಂದ್ರೆ ಭಯವಂತೆ. ಫೋನಿಗೂ ಬರಲ್ಲ, ಕಿವಿ ಕೇಳಲ್ವಂತೆ. ಹೇಸರಗತ್ತೆ ನಮ್ಮಪ್ಪ, ಹಟ ಅಂದ್ರೆ ಹಟ!" ಅಂತ ನಕ್ಕ.

ನಾನು ತಲೆ ತಗ್ಗಿಸಿ ಹಂಚಿನ ಮೇಲಿನ ರೊಟ್ಟಿ ಮಗುಚಿದೆ. ಅವನ ತಂದೆ ದೋನ್ ಅಬುಂದಿಯೋ ತೀರಿಹೋಗಿ ಆಗಲೇ ಎರಡು ವರ್ಷದ ಹತ್ತಿರ ಬಂದಿತ್ತು. ಮಣ್ಣಿಗೆ ಹೋಗಿದ್ದ ನನ್ನ ತಂಗಿ ಅವತ್ತೇ ಫೋನಿನಲ್ಲಿ ಹೇಳಿದ್ದಳು. ಮಾರನೇ ದಿನ ದೋನ್ಯಾ ಎರ್ಲಿಂದಾ ತಾವೇ ಫೋನು ಮಾಡಿ, "ನನ್ನ ಮಗನಿಗೆ ಹೇಳಬೇಡ ತಾಯೀ, ನಿನ್ನ ಮಕ್ಕಳ ಮೇಲಾಣೆ" ಅಂದಿದ್ದರು. ಅಂದಿನಿಂದ ಭಾನುವಾರ ಭಾನುವಾರ ಆ ಹುಡುಗನಿಗೆ ಬಡಿಸಿದ್ದೇನೆ. ಅಪ್ಪನ ಸುದ್ದಿ ಎತ್ತಿದಾಗೆಲ್ಲ ಈರುಳ್ಳಿ ಹೆಚ್ಚಲು ಒಳಗೆ ಹೋಗಿದ್ದೇನೆ.

ಜುಲೈ ತಿಂಗಳ ಎರಡನೇ ಭಾನುವಾರ ತಾಯಿಯ ತೋಳು ಹಿಡಿದುಕೊಂಡು ಬಂದ. ಹೆಂಡತಿ ಮಕ್ಕಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ದೋನ್ಯಾ ಎರ್ಲಿಂದಾ ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಕಪ್ಪು ಶಾಲು ಹೊದ್ದಿದ್ದರು. ನಾನು ಕೊಟ್ಟ ಟಾಕೋ ಕಚ್ಚಿ, ಅಗಿದು, ಸುಮ್ಮನೆ ತಟ್ಟೆಯಲ್ಲಿಟ್ಟರು.

"ಜೋಳ ಬೇಯಿಸೋವಾಗ ಸುಣ್ಣ ಜಾಸ್ತಿಯಾಗಿದೆ ಮಗಳೇ."

"ನೋಡಿದ್ಯಾ ಅಕ್ಕಾ! ಹೇಳಿರಲಿಲ್ವಾ? ಏಳು, ಹಂಚು ಬಿಡು!" ಫಿದೆನ್ಸಿಯೋ ಮೇಜು ಗುದ್ದಿ ನಕ್ಕ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಮುದುಕಿ ನಿಜವಾಗಿಯೂ ಎದ್ದು ಹಂಚಿನ ಮುಂದೆ ಬಂದು ನಿಂತರು. ನಾನು ಅಚ್ಚಿನಲ್ಲಿ ಒತ್ತುವವಳು. ಅವರು ಅಂಗೈಯಲ್ಲೇ ತಟ್ಟಿದರು. ತಟ್ಟುತ್ತಾ ನನ್ನ ಕಡೆ ನೋಡದೆ ಮೆಲ್ಲಗೆ ಅಂದರು: "ಇವತ್ತು ಹೇಳಿಬಿಡ್ತೀನಿ. ಬಂದು ಹತ್ತು ದಿನ ಆಯ್ತು, ಮೊಮ್ಮಕ್ಕಳ ಮುಂದೆ ನಾಲಗೆ ಏಳ್ತಿಲ್ಲ. ಮೊದಲು ಹೊಟ್ಟೆತುಂಬಾ ತಿನ್ನಲಿ."

ಏಳು ರೊಟ್ಟಿ ಮಾಡಿದರು. ಅವನು ಏಳೂ ತಿಂದ. ಕೊನೆಯದಕ್ಕೆ ಬರೀ ಉಪ್ಪು ಸವರಿ ಸುರುಳಿ ಸುತ್ತಿಕೊಂಡ, ಚಿಕ್ಕಂದಿನಲ್ಲಿ ತಿನ್ನುತ್ತಿದ್ದ ಹಾಗೆ. ಬೆರಳು ನೆಕ್ಕಿ, ಕಾಲಬಳಿ ಇಟ್ಟಿದ್ದ ಚೀಲ ಎತ್ತಿ ಹೊಸ ಬೂಟು ತೆಗೆದ.

"ಅಪ್ಪನಿಗೆ. ಹೋದ ವರ್ಷ ಕಳಿಸಿದ್ದು ಸರಿಹೋಗಿತ್ತಾ ಅಮ್ಮಾ? ಇದರ ಅಟ್ಟೆ ಇನ್ನೂ ಮೆತ್ತಗಿದೆ ನೋಡಿ, ಮಂಡಿಗೆ ಒಳ್ಳೇದು."

"ಅವನ್ನ ನಿನ್ನ ಭಾವ ಹಾಕ್ಕೋತಾನೆ ಮಗಾ."

"ಯಾಕೆ? ಬಿಗಿಯಾಯ್ತಾ?"

ದೋನ್ಯಾ ಎರ್ಲಿಂದಾ ಅವನ ಎರಡೂ ಕೈ ಹಿಡಿದುಕೊಂಡರು. "ನಿಮ್ಮಪ್ಪ ಹೋದ್ರು ಕಂದಾ. ಮೆಕ್ಕೆಜೋಳದ ಕೊಯ್ಲಲ್ಲಿ. ಈ ನವೆಂಬರಿಗೆ ಎರಡು ವರ್ಷ."

ಅವನಿಗೆ ಅರ್ಥವಾಗಲಿಲ್ಲ. "ಎಲ್ಲಿಗೆ?" ಅಂದ.

ಅವನ ಮುಖದ ಮೇಲಿನ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಅದು ಹೋಗುವುದನ್ನು ನಾನು ನೋಡಿದೆ.

"ಕಿಡ್ನಿ ಹೋಗಿತ್ತು. ಎಂಟೇ ದಿನ ಮಲಗಿದ್ದು. ಅವರೇ ಬಾಯಿಬಿಟ್ಟು ಹೇಳಿದ್ರು: ಹುಡುಗನಿಗೆ ಹೇಳಬೇಡಿ, ಹೇಳಿದ್ರೆ ಓಡಿಬರ್ತಾನೆ, ವಾಪಸು ಹೋಗೋವಾಗ ಮರಳಲ್ಲಿ ಬಿದ್ದು ಸಾಯ್ತಾನೆ, ಈ ಮನೇಲಿ ಒಂದು ಹೆಣ ಸಾಕು ಅಂತ. ಫೋನಲ್ಲಿ ಹೇಳೋಕೆ ನನಗೂ ಮನಸ್ಸು ಬರಲಿಲ್ಲ. ಅದಕ್ಕೇ ಬಂದೆ. ಇಷ್ಟು ಹೇಳೋಕೇ ವಿಮಾನ ಹತ್ತಿದ್ದು."

"ಸುಳ್ಳು ಹೇಳಿದೆಯಾ ನನಗೆ?" ಫಿದೆನ್ಸಿಯೋ ಎದ್ದು ನಿಂತ. "ಎರಡು ವರ್ಷ ಸುಳ್ಳು ಹೇಳಿದೆಯಾ ನೀನು?"

ನಮ್ಮ ಕಡೆ ಹೆತ್ತವರಿಗೆ ಬಹುವಚನವೇ. ನಲವತ್ತು ದಾಟಿದ ಅವನ ಬಾಯಿಂದ ತಾಯಿಗೆ ಏಕವಚನ ಬಂದದ್ದು ಅವತ್ತೇ ಮೊದಲಿರಬೇಕು. ಮುದುಕಿ ಹೊಡೆತ ತಿಂದವರ ಹಾಗೆ ಕಣ್ಣು ಮುಚ್ಚಿಕೊಂಡರು.

ಅವನು ನನ್ನ ಕಡೆ ತಿರುಗಿದ. ಅಂಗಡಿಯಲ್ಲಿ ಎಲ್ಲರೂ ಗಾಬರಿಯಿಂದ ನೋಡುತ್ತಿದ್ದರು. ನಾನೊಬ್ಬಳೇ ತಲೆ ತಗ್ಗಿಸಿದ್ದೆ. ಅಷ್ಟು ಸಾಕಾಯಿತು.

"ನಿನಗೆ ಗೊತ್ತಿತ್ತು."

"ಆಣೆ ಹಾಕಿಸಿದ್ರು ಕಣೋ..."

"ಸತ್ತವರ ಹಬ್ಬದಲ್ಲಿ ನಿನ್ನ ಅಂಗಡೀಲಿ ತೀರಿಕೊಂಡವರ ಫೋಟೋ ಇಟ್ಟ ಪೀಠದ ಮುಂದೆ ನಿಂತು ದೀಪ ಹಚ್ಚಿದೆನಲ್ಲಾ ಅಕ್ಕಾ, ಯಾರ್ಯಾರದೋ ಅಪ್ಪಂದಿರಿಗೆ. ಬೆಂಕಿಪೊಟ್ಟಣ ನೀನೇ ಕೊಟ್ಟೆ. ಆಗಲೂ ನಿನಗೆ ಬಾಯಿ ಬರಲಿಲ್ವಾ?"

ಬಂದಿರಲಿಲ್ಲ.

ಹೊರಗೆ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಬಂದವರು ಅವನನ್ನು ಬಳಸಿಕೊಂಡು ಒಳಗೆ ಬರುತ್ತಿದ್ದರು. ಆಮೇಲೆ ಎದ್ದು ಬಂದು, ತಾಯಿಯ ಶಾಲು ಸರಿಮಾಡಿ, "ಮನೆಗೆ ಹೋಗೋಣ ಬನ್ನಿ ಅಮ್ಮಾ" ಅಂದ. ತೋಳು ಹಿಡಿದು, ಮೆಟ್ಟಿಲು ಒಂದೊಂದಾಗಿ ಇಳಿಸಿ ಕರೆದುಕೊಂಡು ಹೋದ.

ಮರುದಿನದಿಂದ ಅವನ ಮನೆಯಲ್ಲಿ ತೀರಿಕೊಂಡವರಿಗಾಗಿ ಮಾಡುವ ಒಂಬತ್ತು ಸಂಜೆಯ ಜಪಸರದ ಪ್ರಾರ್ಥನೆ ನಡೆಯಿತು. ಊರಿನಲ್ಲಿ ಆಗಲೇ ಆಗಿಹೋಗಿದ್ದ ಪ್ರಾರ್ಥನೆಯನ್ನು ಮಗನಿಗೋಸ್ಕರ ದೋನ್ಯಾ ಎರ್ಲಿಂದಾ ಇನ್ನೊಮ್ಮೆ ಮೊದಲಿಂದ ನಡೆಸಿಕೊಟ್ಟರು. ನಾನು ಎಂಟು ದಿನ ಧೈರ್ಯ ಸಾಲದೆ ಉಳಿದೆ. ಒಂಬತ್ತನೇ ದಿನ ಒಂದು ಪಾತ್ರೆ ಮೋಲೆ, ಮೆಣಸಿನಕಾಯಿ ಅರೆದು ಮಾಡುವ ಗಟ್ಟಿ ಸಾರು, ಮಾಡಿಕೊಂಡು ಹೋದೆ. ಫಿದೆನ್ಸಿಯೋನೇ ಬಾಗಿಲು ತೆಗೆದ. ಪಾತ್ರೆ ಇಸಕೊಂಡ, ನನ್ನ ಮುಖ ನೋಡದೆ ದಾರಿ ಬಿಟ್ಟ. ನೆಲದ ಮೇಲೆ ಹೂವಿನಲ್ಲಿ ಬಿಡಿಸಿದ ಶಿಲುಬೆಯ ಮುಂದೆ ಅವನು ಮಂಡಿಯೂರಿ ಅತ್ತದ್ದನ್ನು ಹಿಂದಿನ ಸಾಲಿನಿಂದ ನೋಡಿದೆ. ಹಳೆಯ ಸಾವು ಅಂತ ಉಳಿದವರಿಗೆ ಅನ್ನಿಸಿರಬಹುದು. ಅವನಿಗೆ ಅದು ಹತ್ತು ದಿನದ್ದು.

ಊರಿಗೆ ಹೊರಡುವ ಹಿಂದಿನ ದಿನ ದೋನ್ಯಾ ಎರ್ಲಿಂದಾ ಸೊಸೆಯ ಜೊತೆ ಅಂಗಡಿಗೆ ಬಂದರು. ಏನೂ ತಿನ್ನಲಿಲ್ಲ. ಸೊಸೆಯನ್ನು ಬಾಗಿಲ ಹತ್ತಿರ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು.

"ನನಗೂ ಎಂಬತ್ತಾಯ್ತು ಮಗಳೇ. ಇನ್ನೊಂದ್ಸಲ ವೀಸಾ ಯಾರು ಕೊಡ್ತಾರೆ? ನಾನು ಹೋದಾಗ ಅವನಿಗೆ ಅವತ್ತೇ ಹೇಳಿಬಿಡು. ಊರಲ್ಲಿರೋ ನನ್ನ ಉಳಿದ ಮಕ್ಕಳ ಮೇಲೆ ನನಗೆ ನಂಬಿಕೆ ಇಲ್ಲ, ಅವರು ಮತ್ತೆ ಮುಚ್ಚಿಡ್ತಾರೆ. ನೀನು ಹೇಳು."

"ಹೇಳ್ತೀನಮ್ಮಾ" ಅಂದೆ.

ಅದಾಗಿ ಎಂಟು ತಿಂಗಳು. ಭಾನುವಾರ ಅವನು ಈಗ ಎಲ್ಲಿ ಊಟ ಮಾಡುತ್ತಾನೋ ಗೊತ್ತಿಲ್ಲ, ನನ್ನಲ್ಲಂತೂ ಅಲ್ಲ. ನನ್ನ ಫೋನು ಎತ್ತುವುದಿಲ್ಲ. ತಂಗಿ ಊರಿಂದ ಫೋನು ಮಾಡಿದಾಗೆಲ್ಲ, ನಮ್ಮವರ ಕ್ಷೇಮ ಕೇಳುವ ಮೊದಲು ದೋನ್ಯಾ ಎರ್ಲಿಂದಾ ಹೇಗಿದ್ದಾರೆ ಅಂತ ಕೇಳುತ್ತೇನೆ. ಕೆಮ್ಮು ಸ್ವಲ್ಪ ಜಾಸ್ತಿಯಾಗಿದೆಯಂತೆ. ಅವನ ಮನೆ ಇಲ್ಲಿಂದ ಆರು ಬೀದಿ ಆಚೆ. ಆ ದಿನ ಬಂದರೆ ಅಂಗಡಿ ಹಾಗೇ ಬಿಟ್ಟು ನಡೆದುಕೊಂಡೇ ಹೋಗಬೇಕು, ಅವನು ಬಾಗಿಲು ತೆಗೆಯುವವರೆಗೂ ತಟ್ಟಬೇಕು.